ಕಿರುಗಳಿಕೆಯ ಧರ್ಮ

೧

ಧನಾರ್ಜನೆಯ ವಿಷಯವಾಗಿ ನೀತಿಜ್ಞರು ವಿಚಾರಮಾಡಿರುವುದು ಬಹುಮಟ್ಟಿಗೆ ದೊಡ್ಡ ಮೊತ್ತಗಳನ್ನು ಕುರಿತು. ವರ್ತಕನು ಎಷ್ಟು ಲಾಭವಿಡಬಹುದು, ಸಾಹುಕಾರನು ಎಷ್ಟು ಬಡ್ಡಿ ಕೇಳಬಹುದು, ಅಧಿಕಾರಿಯು ಯಾವ ಕಾಣಿಕೆಯನ್ನು ಮುಟ್ಟಬಾರದು ಎಂಬ ಪ್ರಶ್ನೆಗಳು ಹಳೆಯವು. ಅವುಗಳಿಗೆ ದೊರೆತಿರುವ ಉತ್ತರಗಳೂ ಹಳೆಯವು. ಒಂದೆರಡು ರೂಪಾಯಿಗಳ ಗಳಿಕೆಗೂ ಒಂದು ಧರ್ಮವಿಚಾರ ಬೇಕೆ ಎಂದರೆ ಲೋಕವು ನಗುವುದು. ತೂಕಕ್ಕೆ ಬಾರದ ವಸ್ತುವನ್ನು ತಕ್ಕಡಿಗೆ ಏರಿಸುವುದೇಕೆಂದು ಕೇಳುವುದು. ಆದರೆ ಹಗುರವಾದ ವಸ್ತುವನ್ನು ತೂಗುವುದಕ್ಕೇ ಸೂಕ್ಷ್ಮವಾದ ತಕ್ಕಡಿ ಬೇಕು. ಅಕ್ಕಸಾಲಿಗನ ತ್ರಾಸು ಮಂಡಿಯ ತಕ್ಕಡಿಗಿಂತ ಚಿಕ್ಕದಾಗಿರುವುದು ಅದಕ್ಕಾಗಿಯೇ.

ಈಗಿನ ಕಾಲದಲ್ಲಿ ಇಂಥ ಕಿರುಗಳಿಕೆಯು ಮನೆಮನೆಗೂ ಬಂದು ಸೇರಿದೆ. ಕೈಯಲ್ಲಿರುವ ಮೊಬೈಲು ಫೋನೇ ಅದರ ಅಂಗಡಿ. ಆಪ್ ಮೂಲಕ ಹಣ ಪಾವತಿಮಾಡಿದರೆ ಒಂದು ಸ್ಕ್ರ್ಯಾಚ್ ಕಾರ್ಡು; ಅದನ್ನು ಬೆರಳಿನಿಂದ ಉಜ್ಜಿದರೆ ಕೆಲವು ರೂಪಾಯಿ, ಇಲ್ಲವೆ ಮುಂದಿನ ಸಲ ಅದೃಷ್ಟವನ್ನು ನೋಡಿಕೊಳ್ಳಿರೆಂಬ ಸಮಾಧಾನ. ಒಂದು ವಸ್ತುವನ್ನು ಇಂಥ ದಾರಿಯಿಂದಲೇ ಹೋಗಿ ಕೊಂಡರೆ ಬೆಲೆಯ ಒಂದಂಶವು ಹಿಂದಕ್ಕೆ ಬರುವುದು. ಇದಕ್ಕೆ ಕ್ಯಾಷ್‌ಬ್ಯಾಕ್ ಎಂದು ಹೆಸರು. ಸಾಬೂನಿನ ವಿಷಯವಾಗಿಯೋ ಸರಕಾರದ ವಿಷಯವಾಗಿಯೋ ಇಪ್ಪತ್ತು ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಕೆಲವು ಪಾಯಿಂಟು; ಜಾಹೀರಾತಿನ ಚಿತ್ರವನ್ನು ಕಡೆಯವರೆಗೆ ನೋಡಿದರೆ ಇನ್ನು ಕೆಲವು; ನೆಂಟರನ್ನೋ ಸ್ನೇಹಿತರನ್ನೋ ಕರೆತಂದು ಸೇರಿಸಿದರೆ ಮತ್ತಷ್ಟು. ಪಾಯಿಂಟುಗಳು ಗೊತ್ತಾದ ಸಂಖ್ಯೆಯನ್ನು ಮುಟ್ಟಿದಾಗ ಹಣವಾಗಿಯೋ ಅಂಗಡಿಯ ಚೀಟಿಯಾಗಿಯೋ ಕೈಸೇರುತ್ತವೆ. ವಿದ್ಯಾರ್ಥಿಯು ತನ್ನ ಫೋನಿನ ರೀಚಾರ್ಜನ್ನು ಇದರಿಂದ ತೆಗೆಯುತ್ತಾನೆ. ಗೃಹಿಣಿಯು ಮಧ್ಯಾಹ್ನದ ಬಿಡುವನ್ನು ಇದಕ್ಕೆ ಕೊಡುತ್ತಾಳೆ. ನಿವೃತ್ತರಾದ ಹಿರಿಯರಿಗೆ ಇದೊಂದು ಕಾಲಕ್ಷೇಪ.

ಈ ಪದ್ಧತಿಯು ಅಂತರ್ಜಾಲದೊಡನೆ ಹುಟ್ಟಿದುದಲ್ಲ. ಅಮೆರಿಕದಲ್ಲಿ ೧೮೯೬ರಲ್ಲಿ ಸ್ಥಾಪಿತವಾದ ಸ್ಪೆರಿ ಮತ್ತು ಹಚಿನ್‌ಸನ್ ಎಂಬ ಕಂಪೆನಿಯು ಅಂಗಡಿಗಾರರಿಗೆ ಹಸಿರು ಸ್ಟಾಂಪುಗಳನ್ನು ಮಾರುತ್ತಿತ್ತು. ಅಂಗಡಿಗಾರರು ಅವುಗಳನ್ನು ಗಿರಾಕಿಗಳಿಗೆ ಅವರವರ ಖರೀದಿಗೆ ತಕ್ಕಷ್ಟು ಕೊಡುತ್ತಿದ್ದರು. ಗಿರಾಕಿಗಳು ಸ್ಟಾಂಪುಗಳನ್ನು ಪುಸ್ತಕಗಳಲ್ಲಿ ಅಂಟಿಸಿ, ತುಂಬಿದ ಪುಸ್ತಕಗಳನ್ನು ಕೊಟ್ಟು ಮನೆಗೆ ಬೇಕಾದ ಸಾಮಾನುಗಳನ್ನು ತರುತ್ತಿದ್ದರು. ೧೯೮೧ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಎಂಬ ವಿಮಾನ ಕಂಪೆನಿಯು ಪ್ರಯಾಣಿಕರು ಹಾರಿದ ಮೈಲಿಗಳನ್ನೇ ಲೆಕ್ಕವಿಟ್ಟು ಇನಾಮು ಕೊಡತೊಡಗಿತು. ಭಾರತದಲ್ಲಿ ೨೦೧೬ರಲ್ಲಿ ಯುಪಿಐ ಪಾವತಿಯ ಏರ್ಪಾಡು ಆರಂಭವಾಯಿತು. ಮರುವರ್ಷ ಗೂಗಲ್ ಕಂಪೆನಿಯು ತೇಜ್ ಎಂಬ ಹೆಸರಿನ ಆಪನ್ನು ತಂದಿತು. ೨೦೧೮ರಲ್ಲಿ ಗೂಗಲ್ ಪೇ ಎಂದು ಹೆಸರು ಬದಲಾದ ಇದರಿಂದ ಸ್ಕ್ರ್ಯಾಚ್ ಕಾರ್ಡು ಜನರಿಗೆ ಬಹಳ ಪರಿಚಿತವಾಯಿತು.

ಹಳೆಯ ಸ್ಟಾಂಪಿಗೂ ಹೊಸ ಪಾಯಿಂಟಿಗೂ ಹೊರಗೆ ಹೋಲಿಕೆಯುಂಟು. ಒಳಗೆ ಒಂದು ಭೇದವುಂಟು. ಸ್ಟಾಂಪಿನ ಕಾಲದ ಗಿರಾಕಿಯು ಹಣವನ್ನು ಕೊಟ್ಟು, ಆ ಹಣದ ಒಂದು ಚೂರನ್ನು ಬೇರೊಂದು ರೂಪದಲ್ಲಿ ಹಿಂದಕ್ಕೆ ಪಡೆಯುತ್ತಿದ್ದನು. ಈಗಿನವನು ಅನೇಕವೇಳೆ ಹಣವನ್ನೇ ಕೊಡದೆ ಹಣವನ್ನು ಪಡೆಯುತ್ತಾನೆ. ಹಾಗಾದರೆ ಅವನು ಕೊಡುತ್ತಿರುವುದೇನು? ಏನನ್ನೂ ಕೊಳ್ಳದೆ ಬೆಲೆ ತೆರುವ ವರ್ತಕನು ಲೋಕದಲ್ಲಿಲ್ಲ. ವಿಚಾರಮಾಡಿ ನೋಡಿದರೆ ಈ ಅಂಗಡಿಯಲ್ಲಿ ಮಾರಾಟವಾಗುವ ವಸ್ತುಗಳು ಮೂರು: ಮನುಷ್ಯನ ಕಾಲ, ಮನುಷ್ಯನ ಮಾತು, ಅವನಲ್ಲಿ ಇತರರು ಇಟ್ಟಿರುವ ನಂಬಿಕೆ. ಮೂರಕ್ಕೂ ಅಂಟಿಸಿರುವ ಬೆಲೆಯ ಚೀಟಿ ಒಂದೇ ಬಗೆಯದಾದುದರಿಂದ ಮೂರೂ ಒಂದೇ ಜಾತಿಯ ಸರಕೆಂದು ತೋರುತ್ತದೆ. ಹಾಗಲ್ಲವೆಂಬುದೇ ಇಲ್ಲಿಯ ವಿಚಾರ.

೨

ಮೊದಲು ಕಾಲದ ವಿಷಯ. ಬಿಡುವಿನ ಅರ್ಧ ಗಂಟೆಯನ್ನು ಹತ್ತು ರೂಪಾಯಿಗೆ ಕೊಡುವವರನ್ನು ಕಂಡು ಹುಬ್ಬೇರಿಸುವುದು ಸ್ಥಿತಿವಂತರಲ್ಲಿ ಕೆಲವರ ಅಭ್ಯಾಸ. ಅದರಲ್ಲಿ ವಿವೇಕಕ್ಕಿಂತ ಬಿಂಕವೇ ಹೆಚ್ಚು. ಗಳಿಕೆಯು ಸಣ್ಣದೆಂಬ ಒಂದೇ ಕಾರಣದಿಂದ ಹೀನವಾಗಲಾರದು. ಹನಿಗೂಡಿದರೆ ಹಳ್ಳವೆಂಬುದನ್ನು ಅರಿತೇ ಹಿಂದಿನ ಗೃಹಿಣಿಯರು ಅಡಿಗೆಗೆ ಅಳೆದ ಅಕ್ಕಿಯಲ್ಲಿ ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕುತ್ತಿದ್ದರು. ಹಪ್ಪಳ ಸಂಡಿಗೆ ಮಾಡಿ, ಹೂವು ಕಟ್ಟಿ, ಬತ್ತಿ ಹೊಸೆದು ಮಾರಿ ಮಕ್ಕಳ ಫೀಸನ್ನು ಕಟ್ಟಿದ ತಾಯಂದಿರು ಕನ್ನಡನಾಡಿನ ಯಾವ ಊರಿನಲ್ಲಿಲ್ಲ? ಕಾಲವು ಆಯಾ ಮನುಷ್ಯನ ಸ್ವಂತ ಸೊತ್ತು. ತನ್ನ ಸೊತ್ತನ್ನು ತಾನು ಮಾರುವವನಿಗೆ ದೋಷವಿಲ್ಲ. ಅಗ್ಗಕ್ಕೆ ಮಾರಿದರೆ ನಷ್ಟವಾದೀತು, ಪಾಪವಾಗದು.

ಆದರೂ ನಷ್ಟದ ಲೆಕ್ಕವನ್ನಾದರೂ ನೋಡಬೇಕಲ್ಲವೆ? ಅಮೆಜಾನ್ ಕಂಪೆನಿಯು ೨೦೦೫ರಲ್ಲಿ ಮೆಕ್ಯಾನಿಕಲ್ ಟರ್ಕ್ ಎಂಬ ಏರ್ಪಾಡನ್ನು ಆರಂಭಿಸಿತು. ಚಿತ್ರಗಳಿಗೆ ಹೆಸರು ಹಚ್ಚುವುದು, ಪ್ರಶ್ನಾವಳಿಗಳನ್ನು ತುಂಬುವುದು ಮುಂತಾದ ಚೂರುಕೆಲಸಗಳನ್ನು ಮನೆಯಲ್ಲಿ ಕುಳಿತವರಿಗೆ ಹಂಚಿ ಕೆಲವು ಸೆಂಟುಗಳನ್ನು ಕೊಡುವ ಏರ್ಪಾಡು ಅದು. ಅದರಲ್ಲಿ ಅಮೆರಿಕದವರನ್ನು ಬಿಟ್ಟರೆ ಹೆಚ್ಚು ಮಂದಿ ದುಡಿದವರು ಭಾರತೀಯರು. ಅದರಲ್ಲಿ ದುಡಿದ ೨,೬೭೬ ಮಂದಿಯ ಸುಮಾರು ೩೮ ಲಕ್ಷ ಕೆಲಸಗಳನ್ನು ಪರಿಶೀಲಿಸಿ ೨೦೧೮ರಲ್ಲಿ ಸಂಶೋಧಕರು ಒಂದು ಲೆಕ್ಕವನ್ನು ಪ್ರಕಟಿಸಿದರು. ದುಡಿದವರಲ್ಲಿ ಅರ್ಧದಷ್ಟು ಮಂದಿಗೆ ಗಂಟೆಗೆ ಸುಮಾರು ೨ ಡಾಲರಿಗಿಂತ ಕಡಮೆ ದೊರೆತಿತ್ತು. ಅಮೆರಿಕದ ಕನಿಷ್ಠ ಕೂಲಿಯಾದ ೭.೨೫ ಡಾಲರಿಗಿಂತ ಹೆಚ್ಚು ದೊರೆತಿದ್ದುದು ಶೇಕಡ ೪ ಮಂದಿಗೆ ಮಾತ್ರ. ಕೆಲಸವನ್ನು ಹುಡುಕುವ ಕಾಲ, ಮಾಡಿಯೂ ತಿರಸ್ಕೃತವಾದ ಕೆಲಸದ ಕಾಲ, ಇವಕ್ಕೆ ಬೆಲೆಯಿಲ್ಲದಿರುವುದು ಇದಕ್ಕೆ ಒಂದು ಕಾರಣ. ಗಳಿಸಿದ ರೂಪಾಯಿಯು ಕಣ್ಣಿಗೆ ಕಾಣುತ್ತದೆ, ಕಳೆದ ನಿಮಿಷವು ಕಾಣುವುದಿಲ್ಲ. ಇದನ್ನು ಬಲ್ಲವನು ಮಾರಲಿ. ಬೇಡವೆನ್ನುವ ಅಧಿಕಾರ ಯಾರಿಗೂ ಇಲ್ಲ.

ಆದರೆ ಕಾಲದ ಮಾರಾಟವು ಎಷ್ಟು ಸುಲಭವಾಗಿ ಬೇರೊಂದು ಮಾರಾಟವಾಗಿ ಮಾರ್ಪಡುವುದೆಂಬುದಕ್ಕೆ ಒಂದು ಹಳೆಯ ನಿದರ್ಶನವುಂಟು. ೧೯೯೯ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆಲ್‌ಅಡ್ವಾಂಟೇಜ್ ಎಂಬ ಕಂಪೆನಿಯು ಹುಟ್ಟಿತು. ಸದಸ್ಯರು ಕಂಪ್ಯೂಟರಿನ ಪರದೆಯ ಮೇಲೆ ಜಾಹೀರಾತಿನ ಒಂದು ಪಟ್ಟಿಯನ್ನು ತೆರೆದಿಟ್ಟುಕೊಂಡು ಅಂತರ್ಜಾಲದಲ್ಲಿ ಓಡಾಡುತ್ತಿದ್ದರೆ ಅವರಿಗೆ ಗಂಟೆಗೆ ಅರ್ಧ ಡಾಲರು. ಅವರು ಕರೆತಂದವರು ನೋಡಿದ ಗಂಟೆಗಳಿಗೂ ಒಂದು ಪಾಲು. ಮನುಷ್ಯನು ನಿಜವಾಗಿ ಮುಂದೆ ಕುಳಿತಿದ್ದಾನೆಂಬುದಕ್ಕೆ ಮೌಸಿನ ಚಲನೆಯೇ ಸಾಕ್ಷಿಯಾಗಿತ್ತು. ಬಹುಬೇಗನೆ ಜಾಣರು, ಮನುಷ್ಯನಿಲ್ಲದಿದ್ದರೂ ಮೌಸು ಚಲಿಸುತ್ತಿರುವಂತೆ ತೋರಿಸುವ ಸಾಫ್ಟ್‌ವೇರನ್ನು ಬರೆದರು. ಸದಸ್ಯನು ನಿದ್ರಿಸುತ್ತಿದ್ದಾಗಲೂ ಅವನ ಕಣ್ಣುಗಳು ಜಾಹೀರಾತನ್ನು ನೋಡುತ್ತಿದ್ದುವೆಂದು ಲೆಕ್ಕವಾಯಿತು. ಕಂಪೆನಿಯು ೨೦೦೧ರ ಆರಂಭದಲ್ಲಿ ಬಾಗಿಲು ಮುಚ್ಚಿತು. ಜಾಹೀರಾತಿನ ಪೇಟೆಯೇ ಆಗ ಕುಸಿದಿತ್ತಾದುದರಿಂದ ಸದಸ್ಯರ ಮೋಸವೊಂದೇ ಅದನ್ನು ಮುಳುಗಿಸಿತೆನ್ನುವುದು ತಪ್ಪಾಗುವುದು. ಇಲ್ಲಿ ಗಮನಿಸಬೇಕಾದುದು ಬೇರೆ. ಆ ಜಾಣನು ತನ್ನ ಕಾಲವನ್ನು ಮಾರಲಿಲ್ಲ. ಅದು ಅವನ ಬಳಿಯಲ್ಲಿಯೇ ಉಳಿಯಿತು. ಅವನು ಮಾರಿದುದು ‘ನೋಡಿದೆನು’ ಎಂಬ ಒಂದು ಮಾತನ್ನು.

೩

ಮಾತಿನ ಮಾರಾಟವು ಎಲ್ಲಕ್ಕಿಂತ ಹೆಚ್ಚಾಗಿ ನಡೆಯುವುದು ಅಭಿಪ್ರಾಯಗಳ ಪೇಟೆಯಲ್ಲಿ. ಸರ್ವೆಗಳಿಗೆ ಉತ್ತರ ಕೊಟ್ಟು ಪಾಯಿಂಟು ಗಳಿಸುವವರೆಲ್ಲರೂ ಬಲ್ಲ ಒಂದು ಸಂಗತಿಯುಂಟು. ಆರಂಭದಲ್ಲಿ ವಯಸ್ಸೆಷ್ಟು, ವೃತ್ತಿಯೇನು, ಮನೆಯಲ್ಲಿ ಕಾರುಂಟೆ, ಕಳೆದ ತಿಂಗಳು ಇಂಥ ವಸ್ತುವನ್ನು ಕೊಂಡಿರೆ ಎಂಬ ಕೆಲವು ಪ್ರಶ್ನೆಗಳು ಬರುತ್ತವೆ. ಕಾರಿಲ್ಲವೆಂದು ನಿಜವನ್ನು ಹೇಳಿದವನಿಗೆ, ಈ ಸರ್ವೆ ನಿಮಗಾಗಿ ಅಲ್ಲ ಎಂಬ ಉತ್ತರ ಬರುವುದು. ಅವನ ಐದು ನಿಮಿಷ ವ್ಯರ್ಥ. ಉಂಟೆಂದು ಸುಳ್ಳು ಹೇಳಿದವನಿಗೆ ಬಾಗಿಲು ತೆರೆಯುವುದು. ಮುಂದಿನ ಹದಿನೈದು ನಿಮಿಷ ಅವನು ಇಲ್ಲದ ಕಾರಿನ ಗುಣದೋಷಗಳನ್ನು ವರ್ಣಿಸಿ ಕೂಲಿಯನ್ನು ಪಡೆಯುತ್ತಾನೆ. ಸತ್ಯಕ್ಕೆ ಸೊನ್ನೆ, ಸುಳ್ಳಿಗೆ ಸಂಬಳ. ದಿನಕ್ಕೆ ಹತ್ತು ಸಲ ಇದೇ ಪಾಠವು ನಡೆದರೆ ಪ್ರಾಮಾಣಿಕನೂ ಒಂದು ದಿನ ಕಾರನ್ನು ಕೊಂಡುಬಿಡುತ್ತಾನೆ, ಕಾಗದದ ಮೇಲೆ.

ಇದರಿಂದ ಯಾರಿಗೇನು ಕೆಟ್ಟಿತು ಎಂದು ಕೇಳುವವರುಂಟು. ಕಂಪೆನಿಯು ಕೋಟಿಗಳನ್ನು ಗಳಿಸುವುದು. ಅದು ಉತ್ತರಿಸುವವನಿಗೆ ಕೊಡುವುದು ಚಿಲ್ಲರೆ ಕಾಸು. ಅಂಥವರಿಗೆ ಕಾರುಗಳ ವಿಷಯವಾಗಿ ಒಂದು ಸುಳ್ಳು ಹೋದರೆ ಲೋಕ ಮುಳುಗಿತೆ? ಈ ವಾದವು ಬಲವಾದುದಾಗಿ ಕಾಣುತ್ತದೆ. ಕೊಟ್ಟ ಉತ್ತರವು ಕೇಳಿದವರ ಬಳಿಯಲ್ಲಿಯೇ ನಿಂತುಬಿಡುವುದಾದರೆ ಅದು ಬಲವಾದುದೇ ಸರಿ. ಆದರೆ ಉತ್ತರವು ಅಲ್ಲಿ ನಿಲ್ಲುವುದಿಲ್ಲ.

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದವರು ೨೦೨೨ರ ಫೆಬ್ರವರಿಯಲ್ಲಿ ಒಂದು ಪರೀಕ್ಷೆಯನ್ನು ಮಾಡಿದರು. ತಾವಾಗಿ ಬಂದು ಸೇರಿ ಉತ್ತರಕೊಡುವವರ ಸರ್ವೆಯೊಂದರಲ್ಲಿ, ಪರಮಾಣು ಜಲಾಂತರ್ಗಾಮಿ ನೌಕೆಯನ್ನು ನಡೆಸುವ ಪರವಾನಗಿ ನಿಮಗುಂಟೆ ಎಂದು ಕೇಳಿದರು. ಮೂವತ್ತು ವರ್ಷಕ್ಕೆ ಒಳಗಿನವರೆಂದು ಹೇಳಿಕೊಂಡವರಲ್ಲಿ ಶೇಕಡ ೧೨ ಮಂದಿ ಉಂಟೆಂದರು! ನಿಜವಾಗಿ ಅಂಥವರ ಸಂಖ್ಯೆ ಶೇಕಡ ಸೊನ್ನೆಗೆ ಸಮ. ಇಲ್ಲಿಯವರೆಗೆ ಇದು ನಗೆಯ ಮಾತು. ೨೦೨೩ರ ಡಿಸೆಂಬರಿನಲ್ಲಿ ಇದೇ ಬಗೆಯ ಇನ್ನೊಂದು ಸರ್ವೆಯ ಫಲಿತಾಂಶವು ಪ್ರಕಟವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಡೆದ ಯೆಹೂದ್ಯರ ಸಾಮೂಹಿಕ ಹತ್ಯೆಯು ಬರಿಯ ಕಟ್ಟುಕಥೆಯೆಂಬ ಮಾತನ್ನು ಅಮೆರಿಕದ ಮೂವತ್ತಕ್ಕೆ ಒಳಗಿನ ತರುಣರಲ್ಲಿ ಶೇಕಡ ೨೦ ಮಂದಿ ಒಪ್ಪುತ್ತಾರೆಂದು ಅದರಿಂದ ಕಂಡಿತು. ಒಂದು ತಲೆಮಾರೇ ಕೆಟ್ಟುಹೋಯಿತೆಂದು ಹಿರಿಯರು ತಲ್ಲಣಿಸಿದರು. ಪ್ಯೂ ಕೇಂದ್ರದವರು ಮರುತಿಂಗಳು, ವಿಳಾಸಗಳನ್ನು ಗೊತ್ತುಗುರಿಯಿಲ್ಲದೆ ಆರಿಸಿ ಕರೆತಂದವರಲ್ಲಿ ಅದೇ ಪ್ರಶ್ನೆಯನ್ನು ಕೇಳಿದಾಗ ಒಪ್ಪಿದ ತರುಣರು ಶೇಕಡ ೩ ಮಂದಿ ಮಾತ್ರ. ಉಳಿದ ಹದಿನೇಳರ ಹುಟ್ಟು ಎಲ್ಲಿ? ಓದದೆಯೇ ‘ಹೌದು, ಹೌದು’ ಎಂದು ಒತ್ತುತ್ತ, ಬೇಗಬೇಗನೆ ಮುಗಿಸಿ ಇನಾಮನ್ನು ಪಡೆಯುವ ಹುಸಿ ಉತ್ತರಗಾರರಲ್ಲಿ ಅದನ್ನು ಕಾಣಬೇಕೆಂಬುದು ಆ ಕೇಂದ್ರದ ನಿರ್ಣಯದ ತಾತ್ಪರ್ಯ.

ಇದರ ಅರ್ಥವನ್ನು ವಾಚಕರು ಮನಸ್ಸಿನಲ್ಲಿ ಹೊರಳಿಸಿ ನೋಡಬೇಕು. ಹೀಗೆ ಒತ್ತಿದವರಲ್ಲಿ ಹೆಚ್ಚು ಮಂದಿಗೆ ಯಾರ ಮೇಲೆಯೂ ದ್ವೇಷವಿದ್ದಿರಲಾರದು; ಪ್ರಶ್ನೆಯನ್ನು ಅವರು ನೋಡಿಯೂ ಇರಲಾರರು. ಅವರಿಗೆ ದೊರೆತುದು ಚಿಲ್ಲರೆ ಕಾಸು. ಆ ಕಾಸಿಗಾಗಿ ಒಂದು ತಲೆಮಾರಿನ ಮೇಲೆ ಕಳಂಕ ಬಂದಿತು. ಸತ್ತ ಲಕ್ಷಾಂತರ ಜನರ ನೆನಪಿಗೆ ಅವಮಾನವಾಯಿತು. ಬದುಕಿರುವವರಲ್ಲಿ ಭಯ ಹುಟ್ಟಿತು. ಮಾತು ಆಡಿದವನದೆಂದು ತೋರಿದರೂ ಅರ್ಧವು ಕೇಳುವವರದು. ನ್ಯಾಯಸ್ಥಾನದ ಸಾಕ್ಷಿಯು ತನ್ನ ನಾಲಗೆ ತನ್ನದೆಂದು ಅದನ್ನು ಬೇಕಾದಂತೆ ಹೊರಳಿಸಬಹುದೆ? ಅಭಿಪ್ರಾಯ ಕೊಡುವವನೂ ಒಬ್ಬ ಸಾಕ್ಷಿಯೇ. ಕೊಂಡ ವಸ್ತುವಿಗೆ, ಇನಾಮಿನ ಆಸೆಯಿಂದ, ಐದು ನಕ್ಷತ್ರಗಳನ್ನು ಬರೆದು ಹೊಗಳುವವನಿಗೂ ಈ ಮಾತು ಸಲ್ಲುವುದು. ಅವನ ನಕ್ಷತ್ರಗಳನ್ನು ನಂಬಿ ಹಣ ಚೆಲ್ಲುವ ಇನ್ನೊಬ್ಬ ಗೃಹಸ್ಥನು ಎಲ್ಲಿಯೋ ಇದ್ದಾನೆ.

ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದು ಕನ್ನಡದ ಗಾದೆ. ಸಾಮಾನ್ಯವಾಗಿ ಇದನ್ನು ನಾಲ್ವರ ಮುಂದೆ ಹೋದ ಮಾನಕ್ಕೆ ಅನ್ವಯಿಸುವರು. ಈ ಕಿರುಗಳಿಕೆಯಲ್ಲಿ ನೋಡುವ ನಾಲ್ವರಿಲ್ಲ. ಒಂಟಿಯಾಗಿ ಕುಳಿತು ಒತ್ತಿದ ಗುಂಡಿಗೆ ಊರಿನವರ ಸಾಕ್ಷಿಯಿಲ್ಲ. ಆದರೆ ಮನುಷ್ಯನಿಗೆ ತನ್ನ ಮುಂದೆಯೂ ಒಂದು ಮಾನವುಂಟು. ಲಕ್ಷ ರೂಪಾಯಿಗೆ ಸುಳ್ಳು ಹೇಳಿದವನು, ಪ್ರಲೋಭನೆ ದೊಡ್ಡದಾಗಿತ್ತೆಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳಬಹುದು. ಎಂಟು ರೂಪಾಯಿಗೆ ಹೇಳಿದವನಿಗೆ ಆ ಸಮಾಧಾನವೂ ಇಲ್ಲ. ತನ್ನ ಮಾತಿನ ಬೆಲೆಯೆಷ್ಟೆಂಬುದನ್ನು ಅವನು ತಾನೇ ಗೊತ್ತುಮಾಡಿಬಿಟ್ಟಿದ್ದಾನೆ.

೪

ಮೂರನೆಯದು ನಂಬಿಕೆ. ಮೈಸೂರಿನ ಅಳಿಯನೊಬ್ಬನು ಶಿವಮೊಗ್ಗದ ಸೋದರತ್ತೆಗೆ ಒಂದು ಕೊಂಡಿಯನ್ನು ಕಳುಹಿಸಿ, ‘ಅತ್ತೆ, ಈ ಆಪನ್ನು ಹಾಕಿಕೊಳ್ಳಿ, ಬಹಳ ಚೆನ್ನಾಗಿದೆ’ ಎನ್ನುತ್ತಾನೆಂದು ಭಾವಿಸೋಣ. ಆಕೆಯು ಆಪನ್ನು ಪರೀಕ್ಷಿಸುವುದಿಲ್ಲ. ಅಳಿಯನ ಮಾತನ್ನು ನಂಬುತ್ತಾಳೆ. ಅವನಿಗೆ ಐವತ್ತು ರೂಪಾಯಿ ಬಂದಿತು. ಆ ಐವತ್ತು ರೂಪಾಯಿ ಯಾವುದರ ಬೆಲೆ? ಅವನ ಶ್ರಮದ್ದಲ್ಲ, ಜಾಣ್ಮೆಯದಲ್ಲ. ಅವನ ತೊಟ್ಟಿಲನ್ನು ತೂಗಿದ ದಿನದಿಂದ ಆಕೆಯಲ್ಲಿ ಬೆಳೆದ ವಿಶ್ವಾಸದ ಬೆಲೆ ಅದು. ಆ ವಿಶ್ವಾಸವು ಅವನಲ್ಲಿ ಇಟ್ಟ ನಿಕ್ಷೇಪ, ಅವನ ಸೊತ್ತಲ್ಲ. ಇಟ್ಟವರಿಗೆ ತಿಳಿಸದೆ ನಿಕ್ಷೇಪವನ್ನು ಒತ್ತೆಯಿಡುವುದು ಯಾವ ಧರ್ಮದಲ್ಲಿಯೂ ಸಲ್ಲದು. ‘ನೀವು ಸೇರಿದರೆ ನನಗೆ ಐವತ್ತು ರೂಪಾಯಿ ಬರುತ್ತದೆ’ ಎಂಬ ಒಂದು ವಾಕ್ಯವನ್ನು ಸೇರಿಸಿದ್ದರೆ ಅದೇ ವ್ಯವಹಾರವು ನಿರ್ದೋಷವಾಗುತ್ತಿತ್ತು. ಅತ್ತೆಯು ನಕ್ಕು, ಅಳಿಯನಿಗೆ ಐವತ್ತು ಬರಲೆಂದೇ ಸೇರುತ್ತಿದ್ದಳು. ದೋಷವಿರುವುದು ಹಣದಲ್ಲಲ್ಲ, ಮುಚ್ಚಿಟ್ಟುದರಲ್ಲಿ.

ಇದಕ್ಕಿಂತ ಮೌನವಾಗಿ ನಡೆಯುವ ಮಾರಾಟವೊಂದುಂಟು. ಕೆಲವು ಆಪುಗಳು ಫೋನಿನಲ್ಲಿರುವ ಹೆಸರುಗಳ ಪಟ್ಟಿಯನ್ನು ಓದಲು ಅನುಮತಿ ಕೇಳುತ್ತವೆ. ಇನಾಮಿನ ಅವಸರದಲ್ಲಿರುವವನು ಒಪ್ಪಿಬಿಡುತ್ತಾನೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಪ್ರತಿಯೊಬ್ಬನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ೨೦೧೭ರ ಆಗಸ್ಟ್ ೨೪ರಂದು ಒಮ್ಮತದಿಂದ ತೀರ್ಪಿತ್ತರು. ಆ ಹಕ್ಕನ್ನು ಸರಕಾರವೂ ಕಂಪೆನಿಯೂ ಗೌರವಿಸಬೇಕೆಂದು ಎಲ್ಲರೂ ಹೇಳುವರು, ಅದು ಸರಿಯೇ. ಆದರೆ ಮುನ್ನೂರು ಜನರ ಹೆಸರು ಸಂಖ್ಯೆಗಳನ್ನು ಹದಿನೈದು ರೂಪಾಯಿಗೆ ಒಪ್ಪಿಸುವ ಗೃಹಸ್ಥನು, ಅವರಲ್ಲಿ ಒಬ್ಬರನ್ನಾದರೂ ಕೇಳಿದನೆ?

ನಂಬಿಕೆಯ ಮಾರಾಟವು ಕಡೆಗೆ ಎಲ್ಲಿಗೆ ಮುಟ್ಟುವುದೆಂಬುದನ್ನು ವಂಚಕರು ತೋರಿಸಿಕೊಟ್ಟಿದ್ದಾರೆ. ಮನೆಯಲ್ಲಿ ಕುಳಿತು ಚಿತ್ರಗಳನ್ನು ಮೆಚ್ಚಿರಿ, ಹೋಟೆಲುಗಳಿಗೆ ನಕ್ಷತ್ರ ಹಾಕಿರಿ ಎಂದು ಕರೆದು, ಮೊದಲು ನೂರಿನ್ನೂರು ರೂಪಾಯಿಗಳನ್ನು ನಿಜವಾಗಿಯೇ ಕೊಡುತ್ತಾರೆ. ಸಣ್ಣ ಹಣ ಬಂದುದರಿಂದ ನಂಬಿಕೆ ಬರುವುದು. ನಂಬಿಕೆ ಬಂದ ಮೇಲೆ, ದೊಡ್ಡ ಕೆಲಸಕ್ಕೆ ಠೇವಣಿ ಬೇಕೆಂಬ ಮಾತು ಬರುವುದು. ಠೇವಣಿಯು ಹಿಂದಕ್ಕೆ ಬಾರದು. ಇಂಥ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ಭಾರತ ಸರಕಾರವು ೨೦೨೩ರ ಡಿಸೆಂಬರಿನಲ್ಲಿ ತಡೆಹಿಡಿಯಿತು. ಮೋಸಹೋದವರು ೧೯೩೦ ಎಂಬ ಸಂಖ್ಯೆಗೆ ದೂರು ಕೊಡಬಹುದು. ಇಲ್ಲಿಯೂ ಬಲೆಯನ್ನು ಮನೆಯೊಳಕ್ಕೆ ತಂದವನು ಎಷ್ಟೋ ಸಲ ವಂಚಕನಲ್ಲ. ನೂರು ರೂಪಾಯಿ ತನಗೆ ಬಂದುದನ್ನು ಕಂಡು, ಆತುರದಿಂದ ಹತ್ತಿರದವರಿಗೆ ಹೇಳಿದ ಒಬ್ಬ ಸ್ನೇಹಿತನು.

೫

ಈ ಎಲ್ಲ ವಿಚಾರಕ್ಕೂ ಒಂದು ಗಟ್ಟಿಯಾದ ಆಕ್ಷೇಪವುಂಟು. ಹೊಟ್ಟೆ ತುಂಬಿದವರಿಗೆ ಎಂಟು ರೂಪಾಯಿ ಅಡಕೆ. ಮಗುವಿನ ಹಾಲಿಗೆ ಹತ್ತು ರೂಪಾಯಿ ಸಾಲದವರಿಗೆ ಅದು ಅಡಕೆಯಲ್ಲ. ಅಂಥವರಿಗೆ ಸತ್ಯೋಪದೇಶ ಮಾಡುವುದು ನ್ಯಾಯವೆ? ಇದಕ್ಕೆ ಉತ್ತರವನ್ನು ಹಗುರವಾಗಿ ಕೊಡಲಾಗದು. ನಿಜವನ್ನು ಹೇಳಿದವನನ್ನು ಬರಿಗೈಯಲ್ಲಿ ಕಳುಹಿಸುವ ಏರ್ಪಾಡನ್ನು ಕಟ್ಟಿದವರ ಪಾಲಿನ ದೋಷವು ಅದರಲ್ಲಿ ಸಿಕ್ಕಿಬಿದ್ದವನ ದೋಷಕ್ಕಿಂತ ಹೆಚ್ಚಿನದೆಂಬುದರಲ್ಲಿ ಸಂದೇಹವಿಲ್ಲ. ಅನರ್ಹನೆಂದು ತಿಳಿಯುವವರೆಗೆ ಕಳೆದ ನಿಮಿಷಗಳಿಗೂ ಬೆಲೆಯನ್ನು ಕೊಟ್ಟರೆ ಅರ್ಧದಷ್ಟು ಸುಳ್ಳು ತಾನಾಗಿ ಅಡಗುವುದು. ಆದರೂ ದೋಷವು ಹೆಚ್ಚಾಗಿ ಇನ್ನೊಬ್ಬನದೆಂದ ಮಾತ್ರಕ್ಕೆ ಹೋದ ಮಾತು ಹಿಂದಕ್ಕೆ ಬರುವುದಿಲ್ಲ. ಬಡವನಿಗೆ ಮಾನವೊಂದು ಬೇಡವೆನ್ನುವುದು ಅವನ ಮೇಲಿನ ಕರುಣೆಯಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಶರಣದಂಪತಿಗಳಿದ್ದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನ ಕಾಯಕ. ಅದಕ್ಕಿಂತ ಕಿರಿದಾದ ಗಳಿಕೆಯನ್ನು ಊಹಿಸುವುದು ಕಷ್ಟ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಸಂತೋಷಪಡಲಿಲ್ಲ. ಹೆಚ್ಚಾದುದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದಳೆಂಬುದು ಕಥೆ. ಆಕೆಯು ಸಿರಿವಂತಳಾಗಿರಲಿಲ್ಲ, ಅಕ್ಕಿಯ ಬೆಲೆ ತಿಳಿಯದವಳೂ ಅಲ್ಲ. ಒಂದೊಂದು ಕಾಳನ್ನು ಆಯುವುದರಲ್ಲಿ ಹೀನತೆಯನ್ನು ಕಾಣದಿದ್ದ ಅವಳಿಗೆ, ತನ್ನದಲ್ಲದ ಒಂದು ಹಿಡಿಯು ಮನೆಯೊಳಗೆ ಬರುವುದರಲ್ಲಿ ಹೀನತೆ ಕಂಡಿತು.

ಆದುದರಿಂದ ಗೃಹಸ್ಥನು ತನ್ನ ಫೋನಿಗೆ ಬಂದ ಇನಾಮನ್ನು ನೋಡಿ ಇದೆಷ್ಟು ಎಂದು ಕೇಳುವ ಮೊದಲು, ಇದು ಯಾವುದರ ಬೆಲೆಯೆಂದು ಕೇಳಿಕೊಳ್ಳುವುದು ಯುಕ್ತ. ತನ್ನ ಬಿಡುವಿನದಾದರೆ, ಅಗ್ಗವೋ ತುಟ್ಟಿಯೋ ನೋಡಿಕೊಂಡು ನಿಶ್ಚಿಂತೆಯಿಂದ ತೆಗೆದುಕೊಳ್ಳಲಿ. ತನ್ನ ಮಾತಿನದಾದರೆ, ಆ ಮಾತು ನಿಜವಾಗಿತ್ತೆ ಎಂದು ನೋಡಲಿ. ಇನ್ನೊಬ್ಬರ ನಂಬಿಕೆಯದಾದರೆ, ಅವರಿಗೆ ತಿಳಿಸಿ ಅವರು ಒಪ್ಪಿದ ಮೇಲೆ ಮಾತ್ರ ಮುಟ್ಟಲಿ. ಮೊತ್ತವು ಕಿರಿದೆಂಬುದು ಈ ಮೂರು ಪ್ರಶ್ನೆಗಳಲ್ಲಿ ಯಾವುದಕ್ಕೂ ಉತ್ತರವಾಗಲಾರದು.